ಅಂಗೈಯಗಲದ ರೇಸ್ ಕಾರು: ಬಿಡಿಭಾಗಗಳ ಹಿಂದಿನ ಕಥೆ

ಭಾಗ 1/10 · ಸುಟ್ಟ ವಾಸನೆ

ಫೋಟೊದಲ್ಲಿ ಇರೋದು ನನ್ನ ಕಾರಿನ ಬೋರ್ಡು. ನಡುವೆ ಕಪ್ಪಗೆ ಗುಳಿ ಬಿದ್ದಿದೆ ನೋಡಿ, ಅಲ್ಲೊಂದು ಪುಟ್ಟ ಚಿಪ್ ಇತ್ತು. ಹೋದ ವರ್ಷ ನಮ್ಮ ಡಿಪಾರ್ಟ್‌ಮೆಂಟ್ ರೇಸಿನ ಮೂರನೇ ನಿಮಿಷದಲ್ಲಿ ಅದು ಹೊಗೆಯಾಗಿ ಹೋಯ್ತು. ಶಟಲ್ ಕೋರ್ಟ್ ತುಂಬಾ ಸುಟ್ಟ ವಾಸನೆ. ಮೂರು ತಿಂಗಳ ಪಾಕೆಟ್ ಮನಿ ಕೂಡಿಟ್ಟು ತಂದ ಮೋಟಾರ್ ಹಾಕಿದ್ದೆ. "ಈ ಸಲ ಯಾರೂ ನನ್ನ ಹಿಡಿಯೋಕಾಗಲ್ಲ" ಅಂತ ಹಿಂದಿನ ರಾತ್ರಿ ಸ್ಟೋರಿ ಬೇರೆ ಹಾಕಿದ್ದೆ. ನೀವೆಲ್ಲ ನೋಡಿದ್ದೀರಿ, ಈಗ ನಗಬೇಡಿ.

ಅವತ್ತು ಗೆದ್ದವನು ಹಾಸ್ಟೆಲಿನ ನಮ್ಮ ಗೆಳೆಯ. ಹೆಸರು ಹಾಕಬೇಡ ಅಂದಿದ್ದಾನೆ, ಹಾಕಲ್ಲ. ಅವನದು ಸೆಕೆಂಡ್ ಹ್ಯಾಂಡ್ ಕಾರು, ಡಬ್ಬದಲ್ಲಿ ಬಂದ ಮೋಟಾರ್, ಒಂದು ಕಡೆ ಟೇಪ್ ಅಂಟಿಸಿದ ಬಾಡಿ. ಖರ್ಚು ಮಾಡಿದ್ದು ಒಂದು ಜೊತೆ ಟೈರಿಗೆ ಮಾತ್ರ.

ಈ ವರ್ಷದ ರೇಸಿಗೆ "ಮೋಟಾರ್ ಯಾವುದಾದ್ರೂ ಹಾಕ್ಕೊಳ್ಳಿ, ಓಪನ್ ಇರಲಿ" ಅಂತ ಗುಂಪಿನಲ್ಲಿ ಒಂದು ಮಾತು ಎದ್ದಿದೆ. ಶನಿವಾರ ವೋಟ್. ಓಪನ್ ಆದರೆ ತಾನು ಬರಲ್ಲ ಅಂತ ಅವನು ಆಗಲೇ ಹೇಳಿಬಿಟ್ಟಿದ್ದಾನೆ. ಸಿಟ್ಟಿನಿಂದಲ್ಲ, ಲೆಕ್ಕ ಹಾಕಿ ಹೇಳಿದ್ದು.

ಈ ಜಗಳ ನಮ್ಮ ಕ್ಲಾಸಲ್ಲಿ ಹುಟ್ಟಿದ್ದಲ್ಲ. ರಿಮೋಟ್ ಕಾರಿನ ರೇಸ್ ಎಷ್ಟು ಹಳೆಯದೋ ಇದೂ ಹೆಚ್ಚುಕಮ್ಮಿ ಅಷ್ಟೇ ಹಳೆಯದು. ಆ ಚರಿತ್ರೆಯನ್ನ ಹತ್ತು ಭಾಗದಲ್ಲಿ ಹೇಳ್ತೀನಿ. ನಡುನಡುವೆ ಯಾವ ಭಾಗ ತಗೋಬೇಕು, ಹೇಗೆ ಹೊಂದಿಸಬೇಕು ಅನ್ನೋದೂ ಬರುತ್ತೆ. ಸೇವ್ ಮಾಡ್ಕೊಳ್ಳಿ, ಶನಿವಾರದೊಳಗೆ ಓದಿ ಮುಗಿಸಿ.

ಭಾಗ 2/10 · ಇಟಲಿಯ ಫೆರಾರಿ, 1966

ಅಂಗಡಿಯಲ್ಲಿ ಕೊಳ್ಳಬಹುದಾದ ರೇಡಿಯೊ ಕಂಟ್ರೋಲ್ ಕಾರಿನ ಕಥೆ ಸಾಮಾನ್ಯವಾಗಿ ಶುರುವಾಗೋದು ಇಟಲಿಯ ರೆಜ್ಜೊ ಎಮಿಲಿಯಾ ಅನ್ನೋ ಊರಿನಿಂದ. ಅಲ್ಲಿನ ಎಲೆಟ್ರೋನಿಕಾ ಜೊಕಾಟೋಲಿ ಕಂಪನಿ, ಚಿಕ್ಕದಾಗಿ ಎಲ್‌ಜಿ ಅಂತ (ನಮ್ಮ ಮನೆ ಫ್ರಿಡ್ಜಿನ ಎಲ್‌ಜಿ ಅಲ್ಲ!), 1966ರಲ್ಲಿ ಒಂದು ಫೆರಾರಿ 250 ಎಲ್‌ಎಂ ಮಾಡಿತು. ನಿಜವಾದ ಕಾರಿನ ಹನ್ನೆರಡನೇ ಒಂದರಷ್ಟು ಅಳತೆ. ಅದನ್ನೇ 1:12 ಸ್ಕೇಲ್ ಅಂತಾರೆ. ಅದೇ ವರ್ಷದ ಡಿಸೆಂಬರಿನಲ್ಲಿ ಲಂಡನ್ನಿನ ಅಂಗಡಿಗೂ ಬಂತು.

ಆಗಿನ ಕಾಲ ಹೇಗಿತ್ತು ಅಂದ್ರೆ, ರೇಡಿಯೊ ಸೆಟ್ಟೇ ದೊಡ್ಡದು, ದುಬಾರಿ. ವಿಮಾನ, ದೋಣಿ ಹಾರಿಸಿ ಓಡಿಸುತ್ತಿದ್ದ ಹವ್ಯಾಸಿಗಳ ಕೈಯಲ್ಲಿ ಮಾತ್ರ ಇರ್ತಿತ್ತು. ಕಾರಿನವರೂ ಅವರ ದಾರಿಯನ್ನೇ ಹಿಡಿದರು. ಅರವತ್ತರ ದಶಕದ ಕೊನೆ, ಎಪ್ಪತ್ತರ ಮೊದಲ ಭಾಗದಲ್ಲಿ ರೇಸ್ ಅಂದ್ರೆ 1:8 ಅಳತೆಯ, ವಿಮಾನದ ಮಾಡೆಲಿನಿಂದ ಬಂದ ಪುಟ್ಟ ಎಂಜಿನ್ ಇರೋ ಕಾರುಗಳು. ಕಿವಿ ಕಿತ್ತುಹೋಗೋ ಸದ್ದು, ಎಣ್ಣೆ, ಹೊಗೆ. ಮನೆಯೊಳಗೆ ಓಡಿಸಿದ್ರೆ ಅಮ್ಮ ಕಾರಿನ ಜೊತೆ ನಮ್ಮನ್ನೂ ಹೊರಗೆ ಹಾಕ್ತಾರೆ.

ಆಗಿನ ಟ್ಯೂನಿಂಗ್ ಅಂದ್ರೆ ಹೆಚ್ಚಾಗಿ ಎಂಜಿನ್ನಿನ ಕಾರ್ಬ್ಯುರೇಟರಿನ ಸೂಜಿ ತಿರುಗಿಸೋದು, ಕ್ಲಚ್ ಹೊಂದಿಸೋದು. ಬೈಕ್ ಮೆಕ್ಯಾನಿಕ್ ಕೆಲಸದ ಚಿಕ್ಕ ರೂಪ. ಲೇತ್ ಮೆಷಿನ್ ಇದ್ದವರು ಬೇಕಾದ ಭಾಗವನ್ನ ತಾವೇ ಕಡೆದುಕೊಳ್ಳುತ್ತಿದ್ದರು. ಇಲ್ಲದವರು ಇದ್ದವರ ಹತ್ರ ಹೋಗ್ತಿದ್ರು. ಅಂದ್ರೆ ಬಿಡಿಭಾಗದ ಪೇಟೆ ಇನ್ನೂ ಸರಿಯಾಗಿ ಹುಟ್ಟಿರಲಿಲ್ಲ, ಕೈಚಳಕವೇ ಬಿಡಿಭಾಗ.

ಅದು ಬದಲಾಗಿದ್ದು ಬ್ಯಾಟರಿಯಿಂದ. ಮತ್ತೆ ಮತ್ತೆ ಚಾರ್ಜ್ ಮಾಡಬಹುದಾದ ನಿಕಲ್ ಕ್ಯಾಡ್ಮಿಯಂ ಸೆಲ್ ಕೈಗೆಟುಕಿದ ಮೇಲೆ ಎಪ್ಪತ್ತರ ದಶಕದಲ್ಲಿ 1:12 ಅಳತೆಯ ಎಲೆಕ್ಟ್ರಿಕ್ ಕಾರುಗಳು ಬಂದವು. ಹೊಗೆಯಿಲ್ಲ, ಸದ್ದು ಕಮ್ಮಿ. ರೇಸು ಹಾಲ್ ಒಳಗೆ, ಕಾರ್ಪೆಟ್ ಮೇಲೆ ಬಂತು. ನಮ್ಮ ಆಟದ ಅಜ್ಜ ಅಂದ್ರೆ ಇದೇ.

ಭಾಗ 3/10 · ಬಿಚ್ಚಿ ನೋಡಿದ ಪೋರ್ಷೆ, 1976

ಜಪಾನಿನ ಶಿಜುವೊಕಾ ಪಟ್ಟಣದ ತಮಿಯಾ ಕಂಪನಿ ಪ್ಲಾಸ್ಟಿಕ್ ಮಾಡೆಲ್‌ಗಳಿಗೆ ಹೆಸರುವಾಸಿ. ಅದರ ಮುಖ್ಯಸ್ಥರಾಗಿದ್ದ ಶುನ್ಸಾಕು ತಮಿಯಾ ಅವರಿಗೆ ಅಳತೆಯ ಹುಚ್ಚಿತ್ತು. ಪೋರ್ಷೆ ಕಾರಿನ ಮಾಡೆಲ್ ಮಾಡಬೇಕು ಅಂದಾಗ ಫೋಟೊ ಸಾಲದು ಅಂತ ನಿಜವಾದ ಪೋರ್ಷೆ 911 ಕೊಂಡು, ಬಿಚ್ಚಿಸಿ ನೋಡಿದರು. ಒಂದೊಂದೇ ತುಂಡಿನ ಅಳತೆ, ಫೋಟೊ ಎಲ್ಲ ತಗೊಂಡರು. ಹೊಸ ಗಡಿಯಾರ ಬಿಚ್ಚಿ ಮನೆಯಲ್ಲಿ ಬೈಸಿಕೊಂಡವರಿಗೆ ಈ ಮನುಷ್ಯನ ಮೇಲೆ ಪ್ರೀತಿ ಬರದೆ ಇರಲ್ಲ.

ಆ ಕೆಲಸದಿಂದ 1:12 ಅಳತೆಯ ಪೋರ್ಷೆ 934 ಮಾಡೆಲ್ ಬಂತು. ಒಳಗೆ ಬ್ಯಾಟರಿ, ಮೋಟಾರ್ ಇಡೋಷ್ಟು ಜಾಗ ಇತ್ತು. 1976ರ ಕೊನೆಯಲ್ಲಿ ಅದೇ ಬಾಡಿಯಡಿ ರೇಡಿಯೊ ಕಂಟ್ರೋಲ್ ಚಾಸಿ ಇಟ್ಟು ಮಾರಾಟಕ್ಕೆ ಬಿಟ್ಟರು. ತಮಿಯಾದ ಮೊದಲ ರಿಮೋಟ್ ಕಾರು ಅದು. ಜನ ಮುಗಿಬಿದ್ದು ಕೊಂಡರು.

ಇದರಲ್ಲಿ ನಮಗೆ ಮುಖ್ಯವಾದ ಸಂಗತಿ ಎರಡು. ಒಂದು, ಅದು ಜೋಡಿಸಿದ ಕಾರಲ್ಲ, ಕಿಟ್. ಡಬ್ಬ ತೆಗೆದರೆ ಒಳಗೆ ತುಂಡುಗಳು, ಸ್ಕ್ರೂಗಳು, ಚಿತ್ರ ಬಿಡಿಸಿದ ಪುಸ್ತಕ. ಒಬ್ಬ ಹುಡುಗ ಕೂತು ತಾನೇ ಜೋಡಿಸಿದ ಅಂದ್ರೆ, ಯಾವ ಸ್ಕ್ರೂ ಎಲ್ಲಿದೆ ಅಂತ ಅವನ ಬೆರಳಿಗೇ ಗೊತ್ತು. ಕಾರು ಕೆಟ್ಟರೆ ಬಿಚ್ಚೋಕೆ ಭಯ ಇಲ್ಲ. ಬಿಚ್ಚೋಕೆ ಭಯ ಇಲ್ಲದವನು ಇವತ್ತಲ್ಲ ನಾಳೆ "ಇದನ್ನ ತೆಗೆದು ಅದನ್ನ ಹಾಕಿದ್ರೆ ಹೇಗೆ?" ಅಂತ ಕೇಳ್ತಾನೆ. ಟ್ಯೂನಿಂಗ್ ಹುಟ್ಟೋದು ಆ ಪ್ರಶ್ನೆಯಲ್ಲಿ.

ಎರಡು, ಮೋಟಾರ್. ಮಬುಚಿ ಕಂಪನಿಯ 540 ಅನ್ನೋ ಅಳತೆಯ ಮೋಟಾರ್, ಸುಮಾರು 36 ಮಿಲಿಮೀಟರ್ ದಪ್ಪದ ಡಬ್ಬಿ, ಈ ಹವ್ಯಾಸದ ಸಾಮಾನ್ಯ ಅಳತೆಯಾಗಿಬಿಟ್ಟಿತು. ಅಳತೆ ಒಂದೇ ಆದಮೇಲೆ ಯಾವ ಕಂಪನಿಯ ಮೋಟಾರಾದರೂ ಅದೇ ಜಾಗಕ್ಕೆ ಕೂರುತ್ತೆ. ಅಲ್ಲಿಗೆ ಬಿಡಿಭಾಗದ ಪೇಟೆಯ ಬಾಗಿಲು ತೆರೆಯಿತು. ಜಗಳದ ಬಾಗಿಲೂ.

ಭಾಗ 4/10 · ಎಂಟು ನಿಮಿಷದ ಲೆಕ್ಕ

ರಿಮೋಟ್ ಕಾರ್ ರೇಸಲ್ಲಿ ಗೆಲ್ಲೋದು ಗೆರೆ ಮೊದಲು ದಾಟಿದವನು ಅಂತ ತುಂಬಾ ಜನ ತಿಳ್ಕೊಂಡಿದ್ದಾರೆ. ಸಾಮಾನ್ಯವಾಗಿ ಹಾಗಲ್ಲ. ಸಮಯ ಗೊತ್ತು ಮಾಡಿರ್ತಾರೆ, ಅಷ್ಟರಲ್ಲಿ ಹೆಚ್ಚು ಸುತ್ತು ಹಾಕಿದವನು ಗೆದ್ದ. 1:12 ಎಲೆಕ್ಟ್ರಿಕ್ ರೇಸಿಗೆ ಎಂಟು ನಿಮಿಷ ಅನ್ನೋದು ಪದ್ಧತಿಯಾಯಿತು.

ಎಂಬತ್ತರ ದಶಕದ ಆರಂಭದಲ್ಲಿ ಒಳ್ಳೆ ಸೆಲ್ ಅಂದ್ರೆ 1200 ಮಿಲಿ ಆಂಪಿಯರ್ ಅವರ್. ಈಗ ಲೆಕ್ಕ ಹಾಕಿ. ಒಂದು ಗಂಟೆಯಲ್ಲಿ ಎಂಟು ನಿಮಿಷ ಏಳೂವರೆ ಸಲ ಬರುತ್ತೆ. 1.2 ಅನ್ನು 7.5ರಿಂದ ಗುಣಿಸಿದರೆ 9. ಅಂದ್ರೆ ಕಾರು ಸರಾಸರಿ 9 ಆಂಪಿಯರ್ ಎಳೆದರೆ ಎಂಟನೇ ನಿಮಿಷಕ್ಕೆ ಸರಿಯಾಗಿ ಬ್ಯಾಟರಿ ಖಾಲಿ. ಸ್ವಲ್ಪ ಆಸೆಬಿದ್ದು 10 ಆಂಪಿಯರ್ ಎಳೆಯೋ ಹಾಗೆ ಹೊಂದಿಸಿದರೆ? 7 ನಿಮಿಷ 12 ಸೆಕೆಂಡಿಗೇ ಕಾರು ನಿಂತಿತು. ಒಂದು ಸುತ್ತಿಗೆ 12 ಸೆಕೆಂಡ್ ಅಂತಿಟ್ಟುಕೊಂಡರೆ ಕೊನೆಯ ನಾಲ್ಕು ಸುತ್ತು ಗೋವಿಂದ. ಏಳು ನಿಮಿಷ ಮುಂದಿದ್ದವನು ಎಂಟನೇ ನಿಮಿಷದಲ್ಲಿ ಕೈಕಟ್ಟಿ ನಿಂತು ಬೇರೆಯವರ ಕಾರು ನೋಡ್ತಿರ್ತಾನೆ.

ಇದನ್ನ ಹಿಡಿತದಲ್ಲಿಡೋ ಭಾಗ ಯಾವುದು ಗೊತ್ತಾ? ಪಿನಿಯನ್. ಮೋಟಾರಿನ ತುದಿಯಲ್ಲಿರೋ ಪುಟ್ಟ ಹಲ್ಲಿನ ಚಕ್ರ. ಇಡೀ ಕಾರಲ್ಲಿ ಬಹುಶಃ ಅತಿ ಅಗ್ಗದ ಭಾಗ. ಸೈಕಲ್ ಗೇರ್ ನೆನಪಿಸಿಕೊಳ್ಳಿ. ಪಿನಿಯನ್‌ನಲ್ಲಿ ಹಲ್ಲು ಜಾಸ್ತಿ ಇದ್ರೆ ಮೋಟಾರಿನ ಒಂದು ಸುತ್ತಿಗೆ ಕಾರು ಹೆಚ್ಚು ದೂರ ಹೋಗುತ್ತೆ, ಆದರೆ ಮೋಟಾರ್ ಹೆಚ್ಚು ಏದುಸಿರು ಬಿಡುತ್ತೆ, ಹೆಚ್ಚು ಕರೆಂಟ್ ತಿನ್ನುತ್ತೆ. ಹಲ್ಲು ಕಮ್ಮಿ ಇದ್ರೆ ಮೂಲೆಯಿಂದ ಚುರುಕಾಗಿ ಏಳುತ್ತೆ, ನೇರ ದಾರಿಯಲ್ಲಿ ಸೋಲುತ್ತೆ, ಬ್ಯಾಟರಿ ಉಳಿಯುತ್ತೆ.

ಹಾಗಾಗಿ ಆ ಕಾಲದ ಜಾಣ ರೇಸರ್ ಅಂದ್ರೆ ಒಳ್ಳೇ ಗೃಹಿಣಿಯ ಥರ. ತಿಂಗಳ ಸಂಬಳ ಒಂದೇ, 30ನೇ ತಾರೀಖಿನವರೆಗೂ ಬರಬೇಕು, 31ಕ್ಕೆ ಪೈಸೆ ಉಳಿಯದಿದ್ರೂ ಪರವಾಗಿಲ್ಲ. ಖರ್ಚು ಮಾಡೋದು ಗೊತ್ತಿರಬೇಕು, ಉಳಿಸೋದೂ ಗೊತ್ತಿರಬೇಕು.

ಭಾಗ 5/10 · ಸೋರಿಕೆ ನಿಲ್ಲಿಸಿ

ಕರೆಂಟ್ ಇಷ್ಟೇ ಅಂತಾದ ಮೇಲೆ ಜನರ ಕಣ್ಣು ಬಿದ್ದಿದ್ದು ಸೋರಿಕೆಯ ಮೇಲೆ. ತೂತಿರೋ ಬಿಂದಿಗೆಗೆ ಎಷ್ಟು ನೀರು ಹೊಯ್ದು ಏನು ಪ್ರಯೋಜನ?

ಮೊದಲ ಸೋರಿಕೆ ಆಕ್ಸಲ್ ಹತ್ರ. ಕಿಟ್ಟುಗಳಲ್ಲಿ ಸಾಮಾನ್ಯವಾಗಿ ಪ್ಲಾಸ್ಟಿಕ್ ಬುಷ್ ಇರ್ತಿತ್ತು. ಕಡ್ಡಿ ಅದರೊಳಗೆ ತಿಕ್ಕಿಕೊಂಡು ತಿರುಗುತ್ತೆ, ಶಕ್ತಿ ಬಿಸಿಯಾಗಿ ಹೋಗುತ್ತೆ. ಅದರ ಜಾಗಕ್ಕೆ ಬಾಲ್ ಬೇರಿಂಗ್ ಹಾಕಿದರೆ ಕೈಯಲ್ಲಿ ಚಕ್ರ ಒಮ್ಮೆ ತಿರುಗಿಸಿ ಬಿಟ್ಟಾಗಲೇ ವ್ಯತ್ಯಾಸ ಕಾಣುತ್ತೆ. ಇವತ್ತಿಗೂ ಹೊಸಬರಿಗೆ ಹಿರಿಯರು ಹೇಳೋ ಮೊದಲ ಮಾತು ಇದೇ: ಮೋಟಾರ್ ಆಮೇಲೆ, ಮೊದಲು ಬೇರಿಂಗ್.

ಎರಡನೇ ಸೋರಿಕೆ ವೇಗ ಹೊಂದಿಸೋ ಜಾಗದಲ್ಲಿ. ಹಳೇ ಕಾರುಗಳಲ್ಲಿ ಒಂದು ಸರ್ವೋ ಪುಟ್ಟ ಕೈಯನ್ನ ಆಚೀಚೆ ಸರಿಸುತ್ತಿತ್ತು. ನಿಧಾನ ಹೋಗಬೇಕು ಅಂದ್ರೆ ನಡುವೆ ಒಂದು ರೆಸಿಸ್ಟರ್. ಅಂದ್ರೆ ನಿಧಾನ ಓಡಿಸಿದಾಗಲೂ ಬ್ಯಾಟರಿಯ ಶಕ್ತಿಯಲ್ಲಿ ಒಂದು ಪಾಲು ರೆಸಿಸ್ಟರನ್ನ ಬಿಸಿಮಾಡೋಕೆ ಹೋಗ್ತಿತ್ತು. ಎಲೆಕ್ಟ್ರಾನಿಕ್ ಸ್ಪೀಡ್ ಕಂಟ್ರೋಲರ್ ಬಂದಮೇಲೆ ಸೆಕೆಂಡಿಗೆ ಸಾವಿರಾರು ಸಲ ಸ್ವಿಚ್ ಹಾಕಿ ತೆಗೆದು ವೇಗ ಹೊಂದಿಸೋದು ಸಾಧ್ಯವಾಯಿತು, ಆ ವ್ಯರ್ಥ ಬಹಳ ಕಮ್ಮಿಯಾಯಿತು. ನಮ್ಮ ಮನೆ ಫ್ಯಾನಿನ ಹಳೇ ದಪ್ಪ ರೆಗ್ಯುಲೇಟರಿಗೂ ಈಗಿನ ಪುಟ್ಟ ರೆಗ್ಯುಲೇಟರಿಗೂ ಇರೋ ವ್ಯತ್ಯಾಸದ ಹಾಗೆ.

ಮೂರನೇದು ಡಿಫರೆನ್ಷಿಯಲ್. ಆಗಸ್ಟ್ 15ರ ಪೆರೇಡ್ ಸಾಲು ತಿರುಗುವಾಗ ಹೊರಗಿನವನು ಓಡಬೇಕು, ಒಳಗಿನವನು ನಿಂತಲ್ಲೇ ಕಾಲು ಕುಣಿಸಬೇಕು. ಕಾರಿನ ಹಿಂದಿನ ಎರಡು ಚಕ್ರಕ್ಕೂ ಅದೇ ಕಥೆ. ಇಂಗ್ಲೆಂಡಿನ ಸೆಸಿಲ್ ಶೂಮಾಕರ್, ಕಾಸ್ವರ್ತ್ ರೇಸ್ ಎಂಜಿನ್ ಕಂಪನಿಯಲ್ಲಿ ಎಂಜಿನಿಯರ್ ಆಗಿದ್ದವರು, ಹಲ್ಲಿನ ಬದಲು ಪುಟ್ಟ ಉಕ್ಕಿನ ಗುಂಡುಗಳ ಮೇಲೆ ಕೆಲಸ ಮಾಡೋ ಬಾಲ್ ಡಿಫರೆನ್ಷಿಯಲ್ ತಂದರು. 1980ರಲ್ಲಿ ಅವರ ಕಂಪನಿಯೂ ಶುರುವಾಯಿತು. ಒಂದು ಸ್ಕ್ರೂ ಬಿಗಿ, ಸಡಿಲ ಮಾಡಿದರೆ ಕಾರಿನ ಗುಣವೇ ಬದಲಾಗುತ್ತೆ. ಇವತ್ತು ನಮ್ಮ ಅಂಗೈಯಗಲದ ಕಾರಿಗೂ ಆ ಗುಂಡುಗಳ ಡಿಫ್ ಸಿಗುತ್ತೆ.

ಭಾಗ 6/10 · ಚಿನ್ನದ ಬಣ್ಣದ ಚಾಸಿ, ಮತ್ತೆ ದುಡ್ಡಿನ ಪ್ರಶ್ನೆ

1984. ಅಮೆರಿಕದ ಟೀಮ್ ಅಸೋಸಿಯೇಟೆಡ್ ಕಂಪನಿ ಆರ್‌ಸಿ10 ಅನ್ನೋ 1:10 ಅಳತೆಯ ಕಾರು ತಂತು. ವಿನ್ಯಾಸ ರೋಜರ್ ಕರ್ಟಿಸ್ ಅವರದು. ಚಿನ್ನದ ಬಣ್ಣ ಕೊಟ್ಟ ಅಲ್ಯೂಮಿನಿಯಂ ಚಾಸಿ, ಎಣ್ಣೆ ತುಂಬಿದ ಶಾಕ್ ಅಬ್ಸಾರ್ಬರ್. ಇದು ಆಟಿಕೆಯನ್ನ ಸುಧಾರಿಸಿ ಮಾಡಿದ ಕಾರಲ್ಲ, ರೇಸಿಗೆ ಅಂತಲೇ ಹುಟ್ಟಿದ್ದು. 1985ರಲ್ಲಿ ಕ್ಯಾಲಿಫೋರ್ನಿಯಾದ ಡೆಲ್ ಮಾರ್‌ನಲ್ಲಿ 1:10 ಆಫ್ ರೋಡ್ ವಿಶ್ವ ಚಾಂಪಿಯನ್‌ಶಿಪ್ ನಡೆದಾಗ ಎರಡು ಚಕ್ರ ಚಾಲನೆಯ ಪ್ರಶಸ್ತಿ ಜೇ ಹಾಲ್ಸಿ ಓಡಿಸಿದ ಆರ್‌ಸಿ10ಕ್ಕೆ ಬಂತು. ಮುಂದಿನ ವರ್ಷಗಳಲ್ಲಿ ಜಪಾನಿನ ಮಸಾಮಿ ಹಿರೊಸಾಕಾ ಬೇರೆ ಬೇರೆ ವರ್ಗಗಳಲ್ಲಿ ಒಟ್ಟು 14 ವಿಶ್ವ ಪ್ರಶಸ್ತಿ ಗೆದ್ದರು.

ಆಟ ದೊಡ್ಡದಾದ ಹಾಗೆ ಖರ್ಚೂ ದೊಡ್ಡದಾಯಿತು. ಒಂದೇ ಕಾರ್ಖಾನೆಯಿಂದ ಬಂದ ಸೆಲ್‌ಗಳನ್ನೂ ಒಂದೊಂದಾಗಿ ಅಳೆದು, ಒಂದೇ ಗುಣದವನ್ನ ಆರಿಸಿ, ಪ್ಯಾಕ್ ಮಾಡಿ ಹೆಚ್ಚಿನ ಬೆಲೆಗೆ ಮಾರೋರು ಹುಟ್ಟಿಕೊಂಡರು. ಮೋಟಾರಿಗೆ ಕೈಯಲ್ಲಿ ತಂತಿ ಸುತ್ತಿಕೊಡೋರು ಬಂದರು. ತಂತಿಯ ಸುತ್ತು ಕಮ್ಮಿಯಾದಷ್ಟೂ ಮೋಟಾರ್ ಜೋರು, ಕರೆಂಟಿನ ಹಸಿವೂ ಜೋರು.

ಆಗ ಎದ್ದಿತು ನಮ್ಮ ಗುಂಪಲ್ಲಿ ಈಗ ಎದ್ದಿರೋ ಪ್ರಶ್ನೆ. ಜೇಬು ದಪ್ಪ ಇರೋನು ಮಾತ್ರ ಓಡಿಸಬೇಕಾ? ಅಮೆರಿಕದ ಸಂಘಟಕರು ಓಪನ್ ವರ್ಗವನ್ನ ಹಾಗೇ ಬಿಟ್ಟು, ಪಕ್ಕದಲ್ಲೇ ಸ್ಟಾಕ್ ಅಂತ ಇನ್ನೊಂದು ವರ್ಗ ಇಟ್ಟರು. ಅದರ ನಿಯಮ ಖಡಕ್ಕು: ಮೋಟಾರಿಗೆ 27 ಸುತ್ತು ತಂತಿ, ಟೈಮಿಂಗ್ 24 ಡಿಗ್ರಿಗೆ ಬಿಗಿ, ಡಬ್ಬಿ ಬಿಚ್ಚೋ ಹಾಗಿಲ್ಲ. ಕೆಲವು ರೇಸುಗಳಲ್ಲಿ ಮೋಟಾರನ್ನ ಸಂಘಟಕರೇ ಅಲ್ಲೇ ಹಂಚ್ತಿದ್ರು. ಬ್ರಷ್ ಇಲ್ಲದ ಮೋಟಾರುಗಳು ಬಂದ ಮೇಲೆ ಆ ಜಾಗಕ್ಕೆ 17.5 ಸುತ್ತಿನದು ಬಂತು. ನಿಯಮದ ಸಂಖ್ಯೆ ಬದಲಾಯ್ತು, ಆಲೋಚನೆ ಬದಲಾಗಲಿಲ್ಲ.

ಮೋಸ ಮಾಡೋರು ಆಗಲೂ ಇದ್ದರು ಅನ್ನಿ. ನಿಯಮ ಇರೋ ಕಡೆ ಸಂದುಗೊಂದು ಹುಡುಕೋನು ಇದ್ದೇ ಇರ್ತಾನೆ. ಆದರೂ ಹೊಸಬ ಒಬ್ಬ ಟ್ರ್ಯಾಕಿಗೆ ಬರೋ ದಾರಿ ಮುಚ್ಚಲಿಲ್ಲ.

ಭಾಗ 7/10 · ಕಾರು ಚಿಕ್ಕದಾಯಿತು

ಜಪಾನಿನ ಮನೆಗಳು ಚಿಕ್ಕವು. 1:10 ಕಾರು ಓಡಿಸೋಕೆ ಅಂಗಳ ಬೇಕು. ತಮಿಯಾ 1982ರಲ್ಲಿ ಮಿನಿ 4ಡಬ್ಲ್ಯುಡಿ ಅನ್ನೋ ಪುಟ್ಟ ಕಾರು ತಂದಿತು, 1986ರಲ್ಲಿ ಅದರ ರೇಸರ್ ಸರಣಿ, 1988ರಲ್ಲಿ ಜಪಾನ್ ಕಪ್ ಸ್ಪರ್ಧೆ. ಇದರಲ್ಲಿ ರಿಮೋಟ್ ಇಲ್ಲ. ಗೋಡೆ ಇರೋ ಟ್ರ್ಯಾಕಿನಲ್ಲಿ ಬಿಟ್ಟರೆ ಪಕ್ಕದ ರೋಲರ್‌ಗಳು ಗೋಡೆಗೆ ತಾಗಿಕೊಂಡು ತಾನೇ ಓಡುತ್ತೆ. ಬಿಟ್ಟ ಮೇಲೆ ನಿಮ್ಮ ಕೈಯಲ್ಲಿ ಏನೂ ಇಲ್ಲ. ಅಂದಮೇಲೆ ಗೆಲುವು, ಸೋಲು ಎಲ್ಲ ಬಿಡುವ ಮುಂಚೆ ಮಾಡಿದ ಹೊಂದಾಣಿಕೆಯಲ್ಲಿ! ರೋಲರ್ ಎಲ್ಲಿ, ಗೇರ್ ಯಾವುದು, ಮೋಟಾರ್ ಯಾವುದು, ಟೈರ್ ಎಷ್ಟು ದೊಡ್ಡದು. ಪುಟ್ಟ ಪ್ಯಾಕೆಟ್ಟಿನಲ್ಲಿ ನೇತುಹಾಕಿದ ಬಿಡಿಭಾಗಗಳ ಮುಂದೆ ಶಾಲೆ ಹುಡುಗರು ಗಂಟೆಗಟ್ಟಲೆ ನಿಂತು ಲೆಕ್ಕ ಹಾಕೋ ಕಾಲ ಬಂತು. ಒಂದು ಇಡೀ ತಲೆಮಾರು ಹಾಗೆ ಟ್ಯೂನಿಂಗ್ ಕಲಿತಿತು.

ಆ ಪುಟ್ಟ ಕಾರಿನೊಳಗೆ ಇದ್ದಿದ್ದು 130 ಅಳತೆಯ ಮೋಟಾರ್. ಉದ್ದ ಸುಮಾರು 25 ಮಿಲಿಮೀಟರ್, ಅಂದ್ರೆ ಹೆಬ್ಬೆರಳಿನ ಮೇಲಿನ ಗೆಣ್ಣಿನಷ್ಟು. ನಮ್ಮ ಸ್ಕೂಲ್ ಸೈನ್ಸ್ ಪ್ರಾಜೆಕ್ಟಿನ ಫ್ಯಾನು ತಿರುಗಿಸ್ತಿದ್ದುದೂ ಇದೇ ಜಾತಿಯ ಮೋಟಾರ್.

1999ರಲ್ಲಿ ಜಪಾನಿನದೇ ಇನ್ನೊಂದು ಕಂಪನಿ ಕ್ಯೋಶೋ ಆ 130 ಅಳತೆಯ ಮೋಟಾರಿಗೆ ರಿಮೋಟ್ ಸೇರಿಸಿತು. ಅದೇ ಮಿನಿ-ಝಡ್. ಅಳತೆ 1:27, 1:28ರ ಆಸುಪಾಸು. ನಾಲ್ಕು ಟ್ರಿಪಲ್ ಎ ಸೆಲ್, ಎಡ ಎರಡು, ಬಲ ಎರಡು. ತೂಕ 200 ಗ್ರಾಂಗಿಂತ ಕಮ್ಮಿ. ಆದರೆ ಸ್ಟೀರಿಂಗ್, ವೇಗ ಎರಡೂ ದೊಡ್ಡ ಕಾರಿನ ಹಾಗೆ ಬೆರಳಿಗೆ ತಕ್ಕಂತೆ, ಆಟಿಕೆಯ ಹಾಗೆ "ಪೂರ್ತಿ ಎಡ, ಪೂರ್ತಿ ಬಲ" ಅಲ್ಲ. ಮೊದಮೊದಲು ರೇಡಿಯೊಗೆ ಕ್ರಿಸ್ಟಲ್ ಬದಲಿಸಬೇಕಿತ್ತು, ಇಬ್ಬರದ್ದೂ ಒಂದೇ ಕ್ರಿಸ್ಟಲ್ ಆದರೆ ನಿನ್ನ ಕಾರು ಅವನ ಮಾತು ಕೇಳುತ್ತೆ! 2.4 ಗಿಗಾಹರ್ಟ್ಸ್ ಬಂದಮೇಲೆ ಆ ಪಜೀತಿ ತಪ್ಪಿತು.

ರೇಸು ಈಗ ಡೈನಿಂಗ್ ಹಾಲಿಗೆ ಬಂದಿತ್ತು.

ಭಾಗ 8/10 · ಮೊದಲು ಟೈರ್, ಆಮೇಲೆ ಉಳಿದದ್ದು

ಈಗ ಕೈಗೆಣ್ಣೆ ಮೆತ್ತಿಕೊಳ್ಳೋ ಭಾಗ. ಈ ಅಳತೆಯ ಕಾರಿಗೆ ಯಾವುದನ್ನ ಮೊದಲು ನೋಡಬೇಕು?

ಟೈರ್. ಕಾರು ನೆಲವನ್ನ ಮುಟ್ಟೋದು ನಾಲ್ಕೇ ಜಾಗದಲ್ಲಿ, ಒಂದೊಂದೂ ಹುಣಸೆ ಬೀಜಕ್ಕಿಂತ ಚಿಕ್ಕದು. ಉಳಿದ ಎಲ್ಲ ಭಾಗಗಳ ಮಾತು ಕೊನೆಗೆ ಅಲ್ಲಿಂದಲೇ ನೆಲಕ್ಕೆ ಹೋಗಬೇಕು. ಮಿನಿ-ಝಡ್ ಟೈರುಗಳಿಗೆ 20, 30, 40 ಅಂತ ಗಟ್ಟಿತನದ ಸಂಖ್ಯೆ ಇರುತ್ತೆ. ಸಂಖ್ಯೆ ಕಮ್ಮಿ ಅಂದ್ರೆ ಮೆತ್ತಗೆ, ಹಿಡಿತ ಜಾಸ್ತಿ. ಸಾಮಾನ್ಯ ಪದ್ಧತಿ ಹಿಂದೆ ಮೆತ್ತಗೆ, ಮುಂದೆ ಗಟ್ಟಿ. ಉಲ್ಟಾ ಮಾಡಿದರೆ ಮೂತಿ ತಿರುಗುತ್ತೆ, ಬಾಲ ತಪ್ಪಿಸಿಕೊಳ್ಳುತ್ತೆ, ಕಾರು ಬುಗುರಿ. ಹಿಡಿತ ಅತಿಯಾದರೂ ಕಷ್ಟ. ಮೂಲೆಯಲ್ಲಿ ಟೈರ್ ಜಾರೋ ಬದಲು ಕಾರೇ ಮಗುಚಿಕೊಳ್ಳುತ್ತೆ.

ಟೈರಿನ ಮೇಲೆ ಧೂಳಿದ್ದರೆ ಯಾವ ಸಂಖ್ಯೆಯೂ ಕೆಲಸಕ್ಕೆ ಬರಲ್ಲ. ನಮ್ಮ ಗೆಳೆಯ ಪ್ರತಿ ರೇಸಿಗೂ ಮುಂಚೆ ಟೈರ್ ಒರೆಸ್ತಿದ್ದ. ನಾನು ಅವನನ್ನ ನೋಡಿ "ಏನೋ, ಕಾರಿಗೆ ಸ್ನಾನ ಮಾಡಿಸ್ತಿದ್ದೀಯಾ?" ಅಂತ ನಕ್ಕಿದ್ದೆ.

ಎರಡನೇದು, ಹಿಂದಿನ ಮೋಟಾರ್ ಭಾಗವನ್ನ ಮುಂದಿನ ಚಾಸಿಗೆ ಸೇರಿಸೋ ತೆಳು ಪಟ್ಟಿ. ಇದನ್ನ ಟಿ-ಪ್ಲೇಟ್ ಅಂತಾರೆ. ಅದು ಬಾಗೋದೇ ಹಿಂದಿನ ಸಸ್ಪೆನ್ಷನ್. ಮೆತ್ತಗಿನ ಪಟ್ಟಿ ಹಿಂದಿನ ಚಕ್ರಕ್ಕೆ ಹಿಡಿತ ಕೊಡುತ್ತೆ, ಉಬ್ಬುತಗ್ಗು ಸಹಿಸುತ್ತೆ. ಗಟ್ಟಿ ಪಟ್ಟಿ ಕಾರನ್ನ ಚುರುಕು ಮಾಡುತ್ತೆ, ಆದರೆ ತಪ್ಪನ್ನ ಕ್ಷಮಿಸಲ್ಲ. ಮೂರನೇದು ಮುಂದಿನ ಪುಟ್ಟ ಸ್ಪ್ರಿಂಗುಗಳು.

ಮೋಟಾರ್ ಎಲ್ಲಿ ಕೂರುತ್ತೆ ಅನ್ನೋದೂ ಮುಖ್ಯ. ಹಿಂದಿನ ಆಕ್ಸಲ್ಲಿನ ಆಚೆ ಇದ್ದರೆ ತೂಕ ಬಾಲದಲ್ಲಿ, ಈಚೆ ಇದ್ದರೆ ನಡುವೆ. ಇದನ್ನ ತೀರ್ಮಾನಿಸೋದು ಹೆಚ್ಚಾಗಿ ಬಾಡಿ. 94 ಮಿಲಿಮೀಟರಿನ ಚಾಸಿಗೆ ಕೂರೋ ಬಾಡಿ 98ಕ್ಕೆ ಕೂರಲ್ಲ. ಅಂದ ನೋಡಿ ಬಾಡಿ ಆರಿಸೋ ಮೊದಲು ಅಡಿಗೆ ಏನು ಬರುತ್ತೆ ನೋಡಿ.

ಒಂದು ನಿಯಮ ಮಾತ್ರ ಮರೀಬೇಡಿ: ಒಂದು ಸಲಕ್ಕೆ ಒಂದೇ ಬದಲಾವಣೆ. ಐದು ಸುತ್ತು ಓಡಿಸಿ, ಸಮಯ ಬರೆದಿಡಿ. ಸಾರಿಗೆ ಉಪ್ಪು, ಹುಳಿ, ಖಾರ ಒಟ್ಟಿಗೆ ಸುರಿದರೆ ಯಾವುದು ಹೆಚ್ಚಾಯ್ತು ಅಂತ ಯಾರಿಗೆ ಗೊತ್ತಾಗುತ್ತೆ?

ಭಾಗ 9/10 · ನನ್ನ ಬೋರ್ಡ್ ಯಾಕೆ ಸುಟ್ಟಿತು

ಮಿನಿ-ಝಡ್‌ನ ಹಿಂದಿನ ಗೇರಿಗೆ 44 ಹಲ್ಲು, ಪಿನಿಯನ್ 6ರಿಂದ 9 ಹಲ್ಲಿನವರೆಗೆ. ಹಿಂದಿನ ಟೈರ್ 25 ಮಿಲಿಮೀಟರ್ ಅಂತಿಟ್ಟುಕೊಳ್ಳಿ, ಸುತ್ತಳತೆ 78.5. ಪಿನಿಯನ್ 8 ಇದ್ದರೆ ಮೋಟಾರ್ ಐದೂವರೆ ಸಲ ತಿರುಗಿದಾಗ ಚಕ್ರ ಒಂದು ಸಲ. ಅಂದ್ರೆ ಮೋಟಾರಿನ ಒಂದು ಸುತ್ತಿಗೆ ಕಾರು 14.3 ಮಿಲಿಮೀಟರ್ ಮುಂದೆ. ಪಿನಿಯನ್ 9 ಹಾಕಿದರೆ 16.1. ಒಂದೇ ಒಂದು ಹಲ್ಲು, ಶೇಕಡ 12.5ರಷ್ಟು ವ್ಯತ್ಯಾಸ! ಟೈರ್ ಸವೆದು 24 ಆದರೆ ಅದೇ 9 ಹಲ್ಲಿಗೆ 15.4ಕ್ಕೆ ಇಳಿಯುತ್ತೆ. ಏನೂ ಮುಟ್ಟದಿದ್ದರೂ ಕಾರಿನ ಗೇರ್ ಬದಲಾಗಿರುತ್ತೆ. 1:12 ಕಾರಿನವರು ಸ್ಪಂಜಿನ ಟೈರ್ ಸವೆದ ಹಾಗೆಲ್ಲ ಪಿನಿಯನ್ ಬದಲಿಸುತ್ತಿದ್ದುದು ಇದಕ್ಕೇ.

ಬ್ಯಾಟರಿಯ ಲೆಕ್ಕವೂ ಹಳೆಯದೇ. 750 ಮಿಲಿ ಆಂಪಿಯರ್ ಅವರ್ ಸೆಲ್ ಎಂಟು ನಿಮಿಷ ಬರಬೇಕಾದರೆ ಸರಾಸರಿ 5.6 ಆಂಪಿಯರಿಗಿಂತ ಹೆಚ್ಚು ಎಳೆಯೋ ಹಾಗಿಲ್ಲ.

ನಾನು ಮಾಡಿದ್ದು ಇಷ್ಟು. ನನ್ನದು ಇದೇ ಅಳತೆಯ ಬೇರೊಂದು ಕಾರು, ಕಂಪನಿ ಹೆಸರು ಬೇಡ, ತಪ್ಪು ನನ್ನದೇ. ಜೋರಾದ ಮೋಟಾರ್ ಹಾಕಿದೆ, ಮೇಲಿಂದ ದೊಡ್ಡ ಪಿನಿಯನ್ ಹಾಕಿದೆ. ಮೋಟಾರಿಗೆ ಕರೆಂಟ್ ಬಿಡೋ ಕೆಲಸ ಬೋರ್ಡಿನ ಮೇಲಿರೋ ಎಫ್‌ಇಟಿ ಅನ್ನೋ ಪುಟ್ಟ ಸ್ವಿಚ್ಚುಗಳದ್ದು. ಡಬ್ಬದಲ್ಲಿ ಬಂದ ಮೋಟಾರಿಗೆ ಎಷ್ಟು ಬೇಕೋ ಅಷ್ಟೇ ಗಾತ್ರದವು. ಕರೆಂಟ್ ಎರಡು ಪಟ್ಟಾದರೆ ಅವುಗಳಲ್ಲಿ ಹುಟ್ಟೋ ಬಿಸಿ ಎರಡು ಪಟ್ಟಲ್ಲ, ನಾಲ್ಕು ಪಟ್ಟು. ಇದನ್ನ ನಾವು ಪಿಯುಸಿಯಲ್ಲೇ ಓದಿದ್ವಿ. ಪರೀಕ್ಷೆಯಲ್ಲಿ ಬರೆದು ಮಾರ್ಕ್ಸ್ ತಗೊಂಡೆ, ರೇಸಲ್ಲಿ ಮರೆತೆ.

ಮಿನಿ-ಝಡ್ ಹವ್ಯಾಸಿಗಳು ಈ ಪಾಠವನ್ನ ಬಹಳ ಹಿಂದೆಯೇ ಕಲಿತಿದ್ರು. ಜೋರಾದ ಮೋಟಾರ್ ಹಾಕುವ ಮುಂಚೆ ಎಫ್‌ಇಟಿ ಮೇಲೆ ಇನ್ನೊಂದು ಎಫ್‌ಇಟಿ ಕೂರಿಸಿ ಬೆಸುಗೆ ಹಾಕ್ತಿದ್ರು. ಇಡ್ಲಿ ತಟ್ಟೆಯ ಹಾಗೆ ಒಂದರ ಮೇಲೊಂದು. ಎರಡು ಸೇರಿದರೆ ಕರೆಂಟ್ ಹಂಚಿಹೋಗುತ್ತೆ, ಬಿಸಿ ಇಳಿಯುತ್ತೆ. ಅಂದ್ರೆ ಮೋಟಾರಿನ ಬೆಲೆ ಯಾವತ್ತೂ ಮೋಟಾರಿನ ಬೆಲೆಯಷ್ಟೇ ಅಲ್ಲ. ಅದರ ಹಿಂದೆ ಎಫ್‌ಇಟಿ, ಅದರ ಹಿಂದೆ ಒಳ್ಳೆ ಸೆಲ್, ಅದರ ಹಿಂದೆ ಒಳ್ಳೆ ಚಾರ್ಜರ್. ಬಾಲ ಬೆಳೀತಾನೇ ಹೋಗುತ್ತೆ. ನಮ್ಮ ಗೆಳೆಯ ಲೆಕ್ಕ ಹಾಕಿದ್ದು ಈ ಬಾಲವನ್ನ.

ಭಾಗ 10/10 · ಶನಿವಾರ

ಬೋರ್ಡ್ ಸುಟ್ಟ ಮರುವಾರ ನಾನೂ ಅವನೂ ಎಸ್‌ಪಿ ರೋಡಿಗೆ ಹೋಗಿದ್ವಿ. ಬೆಂಗಳೂರಲ್ಲಿ ಎಲೆಕ್ಟ್ರಾನಿಕ್ಸ್ ಓದೋ ಯಾರಿಗೆ ತಾನೇ ಆ ಬೀದಿ ಗೊತ್ತಿಲ್ಲ? ಸಂದಿಗೊಂದಿ ಅಂಗಡಿ, ಡಬ್ಬಿ ಡಬ್ಬಿ ಚಿಪ್ಪು. ನಾನು ಬದಲಿ ಎಫ್‌ಇಟಿ ಹುಡುಕ್ತಿದ್ದೆ. ಅವನು ಸೆಲ್ ನೋಡ್ತಿದ್ದ. ತಗೊಂಡಿದ್ದು ನಾಲ್ಕೇ, ಆದರೆ ಅಂಗಡಿಯವರನ್ನ ಕೇಳಿ ಮಲ್ಟಿಮೀಟರಲ್ಲಿ ಎಂಟು ಹತ್ತು ಅಳೆದು, ಹತ್ತಿರ ಹತ್ತಿರ ಓಲ್ಟೇಜ್ ಇರೋ ನಾಲ್ಕನ್ನ ಆರಿಸಿಕೊಂಡ. ದೊಡ್ಡ ದೊಡ್ಡ ರೇಸರುಗಳು ದುಡ್ಡು ಕೊಟ್ಟು ಮಾಡಿಸಿಕೊಳ್ಳುತ್ತಿದ್ದ ಕೆಲಸದ ಬಡ ರೂಪ ಅದು. ಅವನಿಗೆ ಆ ಚರಿತ್ರೆ ಗೊತ್ತಿರಲಿಲ್ಲ. ತಾನೇ ಕಂಡುಕೊಂಡಿದ್ದ.

ವಾಪಸ್ ಬರುವಾಗ ಬಸ್ಸಲ್ಲಿ ಕೇಳಿದೆ, "ಓಪನ್ ಆದ್ರೆ ಯಾಕೋ ಬರಲ್ಲ ಅಂತೀಯಾ? ಹೇಗಿದ್ರೂ ನೀನು ಚೆನ್ನಾಗಿ ಓಡಿಸ್ತೀಯಲ್ಲ?"

"ಓಡಿಸ್ತೀನಿ ಕಣೋ. ಆದ್ರೆ ಸೋತಾಗ ನಾನು ಎಲ್ಲಿ ತಪ್ಪು ಮಾಡ್ದೆ ಅಂತ ಗೊತ್ತಾಗ್ಬೇಕು. ಓಪನ್ ಆದ್ರೆ ಗೊತ್ತಾಗಲ್ಲ. ದುಡ್ಡಿರ್ಲಿಲ್ಲ ಅಂತ ಅಷ್ಟೇ ಗೊತ್ತಾಗುತ್ತೆ."

ಅದಕ್ಕೆ ನನ್ನ ಹತ್ರ ಉತ್ತರ ಇರಲಿಲ್ಲ. ಈ ಸರಣಿ ಬರೆಯೋಕೆ ಶುರು ಮಾಡಿದ್ದು ಅವತ್ತು ರಾತ್ರಿ.

ಓಪನ್ ಬೇಕು ಅನ್ನೋರ ಮಾತಲ್ಲೂ ಹುರುಳಿದೆ. ಶೂಮಾಕರ್ ಅವರ ಡಿಫ್ ಬಂದಿದ್ದು, ಎಲೆಕ್ಟ್ರಾನಿಕ್ ಕಂಟ್ರೋಲರ್ ಬಂದಿದ್ದು ಹೊಸದನ್ನ ಹಾಕಿ ನೋಡೋ ಸ್ವಾತಂತ್ರ್ಯ ಇದ್ದಿದ್ದಕ್ಕೆ. ಎಲ್ಲವನ್ನೂ ಕಟ್ಟಿಹಾಕಿದರೆ ಎಂಜಿನಿಯರಿಂಗ್ ಓದೋರ ರೇಸಿಗೆ ಅರ್ಥ ಏನು? ಒಪ್ತೀನಿ. ಆದರೆ ಆ ಹಳಬರು ಮಾಡಿದ್ದನ್ನ ನೆನಪಿಸಿಕೊಳ್ಳಿ: ಒಂದನ್ನ ಮುಚ್ಚಿ ಇನ್ನೊಂದನ್ನ ತೆರೀಲಿಲ್ಲ, ಎರಡನ್ನೂ ಪಕ್ಕಪಕ್ಕ ಇಟ್ಟರು.

ಹಾಗಾಗಿ ಶನಿವಾರಕ್ಕೆ ನನ್ನ ಪ್ರಸ್ತಾಪ ಇದು. ಮುಖ್ಯ ರೇಸಿಗೆ ಎಲ್ಲರದ್ದೂ ಒಂದೇ ಮೋಟಾರ್. ನಾವೇ ಒಟ್ಟಿಗೆ ಕೊಂಡು ಡಬ್ಬಿಗೆ ಹಾಕೋಣ, ರೇಸಿನ ಬೆಳಿಗ್ಗೆ ಚೀಟಿ ಎತ್ತಿ ಹಂಚೋಣ, ಸಂಜೆ ವಾಪಸ್ ಡಬ್ಬಿಗೆ. ಟೈರ್, ಪಿನಿಯನ್, ಸ್ಪ್ರಿಂಗ್, ಟಿ-ಪ್ಲೇಟ್, ಡಿಫ್ ನಿಮ್ಮ ಇಷ್ಟ. ತಲೆ ಓಡಿಸೋಕೆ ಅಷ್ಟು ಧಾರಾಳ ಸಾಕು. ಓಪನ್ ಬೇಕಾದವರಿಗೆ ಕೊನೆಯಲ್ಲಿ ಐದು ನಿಮಿಷದ ಇನ್ನೊಂದು ರೇಸ್. ಬೋರ್ಡ್ ಸುಡಬೇಕು ಅನ್ನೋ ಆಸೆ ಇದ್ದವರು ಅಲ್ಲಿ ಸುಟ್ಟುಕೊಳ್ಳಿ. ನಾನು ಬಕೆಟ್‌ನಲ್ಲಿ ಮರಳು ತರ್ತೀನಿ.

ನನ್ನ ಆ ದುಬಾರಿ ಮೋಟಾರ್ ಇನ್ನೂ ಚೆನ್ನಾಗೇ ಇದೆ, ಸುಟ್ಟಿದ್ದು ಬೋರ್ಡು ಮಾತ್ರ. ಮಾರ್ತೀನಿ. ಬಂದ ದುಡ್ಡು ಡಬ್ಬಿಯ ಮೋಟಾರುಗಳಿಗೆ ನನ್ನ ಮೊದಲ ವಂತಿಗೆ.

ಜೂನಿಯರ್ಸ್, ನಿಮಗೂ ವೋಟ್ ಇದೆ. ಕಾರಿಲ್ಲದಿದ್ರೂ ಬನ್ನಿ. ಕೋರ್ಟ್ ಗುಡಿಸೋಕೆ, ಮ್ಯಾಟ್ ಜೋಡಿಸೋಕೆ, ಸುತ್ತು ಎಣಿಸೋಕೆ ಜನ ಬೇಕು. ಸುತ್ತು ಎಣಿಸಿದವನಿಗೆ ಮುಂದಿನ ಸಲ ಯಾರದ್ದಾದ್ರೂ ಕಾರು ಓಡಿಸೋಕೆ ಸಿಗುತ್ತೆ, ನನ್ನ ಜವಾಬ್ದಾರಿ.

ನಿಮ್ಮ ಅಭಿಪ್ರಾಯ ಕೆಳಗೆ ಬರೀರಿ. ಬೈಯೋದಿದ್ರೂ ಬೈಯಿರಿ, ಲೆಕ್ಕ ತಪ್ಪಿದ್ರೆ ಮಾತ್ರ ದಯವಿಟ್ಟು ತಿದ್ದಿ.

#ಅಂಗೈಕಾರು #ಪುಟ್ಟರೇಸು #ಒಂದುಹಲ್ಲಿನವ್ಯತ್ಯಾಸ #ಶನಿವಾರದವೋಟ್